ಬೆರಳು ತೋರಿಸುವವನು

ನಿಮ್ಮ ಅತ್ತೆಯನ್ನು ಒಮ್ಮೆಯಾದರೂ ಸಮುದ್ರಕ್ಕೆ ತಳ್ಳಿಬಿಡೋಣ ಅಂತ ನಿಮಗೆ ಅನ್ನಿಸಿಲ್ಲವಾ? ಸುಳ್ಳು ಬೇಡ, ನಾನು ಯಾರಿಗೂ ಹೇಳುವುದಿಲ್ಲ. ನನಗೆ ಅನ್ನಿಸಿದ್ದುಂಟು, ಅದಕ್ಕೆ ತಕ್ಕ ಅವಕಾಶವೂ ಸಿಕ್ಕಿತ್ತು. ಮೂರು ಕಂಬದ ಹಾಯಿಹಡಗು, ಕೆಳಗೆ ಕೋಸ್ಟರಿಕಾದ ಕಡುನೀಲಿ ನೀರು, ರೇಲಿಂಗಿನ ಹೊರಗೆ ಅರ್ಧ ಮೈ ಬಗ್ಗಿಸಿ ನಿಂತ ಅತ್ತೆ. ಆದರೆ ತಳ್ಳಲಿಲ್ಲ. ಎರಡೂ ಕೈಯಲ್ಲಿ ಅವರ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಯಾಕೆಂದು ಹೇಳುತ್ತೇನೆ. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಚೆಗೆ ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ, ನೀವೂ ನಿಧಾನವಾಗಿ ಓದಿ.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದಲ್ಲಿ, ಓಲ್ಡ್ ಏರ್‌ಪೋರ್ಟ್ ಅನ್ನುವ ಕಡೆ, ಒಂದು ಫ್ಲಾಟಿನಲ್ಲಿ ನಾವಿದ್ದೆವು. ನಾವು ಅಂದರೆ ನಾನು, ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಿದ್ದ ನನ್ನವರು, ಮತ್ತು ಅವರ ತಾಯಿ. ಅತ್ತೆಗೆ ನಮ್ಮ ತುಳುವಿನಲ್ಲಿ ಮಾಮಿ. ಮಾಮಿಯ ಹಣೆಯಲ್ಲಿ ಯಾವಾಗಲೂ ಎಂಟಾಣೆ ಅಗಲದ ಕುಂಕುಮ. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ನನ್ನನ್ನು ಬೈಯುವುದು ಮುಂದುವರಿಸುತ್ತಿದ್ದರು.

ಶುಕ್ರವಾರ ಸಂಜೆಯಾದರೆ ಅವರಿಗೆ ಕಡಲಂಚಿನ ಕಾರ್ನಿಶ್‌ಗೆ ಹೋಗಲೇಬೇಕು. ಉಳಿದವರು ಅಲ್ಲಿಗೆ ಹೋಗುವುದು ಗಾಳಿಗೆ. ಮಾಮಿ ಹೋಗುತ್ತಿದ್ದುದು ಮರದ ದೋಣಿಗಳನ್ನು ಕಟ್ಟುವ ಕಟ್ಟೆಗೆ. ಅಲ್ಲಿ ಬಲೆ ಬಿಡಿಸುತ್ತಾ, ಚಹಾ ಕುಡಿಯುತ್ತಾ ಕೂತ ಮುದುಕರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಹುಡುಗರ ಕಡೆ ತಿರುಗುತ್ತಲೂ ಇರಲಿಲ್ಲ.

"ಮಾಮಿ, ಆ ಬಿಳಿ ಗಡ್ಡದವರು ನಿಮ್ಮನ್ನೇ ನೋಡ್ತಾ ಇದ್ದಾರೆ" ಅನ್ನುತ್ತಿದ್ದೆ ನಾನು.

"ನೋಡ್ಲಿ. ನಿನ್ನನ್ನು ಯಾರೂ ನೋಡ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಅಂತ ಹೇಳಿ ಮುಂದಿನ ಮುದುಕನ ಹತ್ತಿರ ಹೋಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಈ ಮೂಗು ಅವರದ್ದಲ್ಲ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹುಡುಕುತ್ತಿದ್ದುದು ಗಂಡನನ್ನು. ಮಾವ ಮಂಜಿಯಲ್ಲಿ ಖಲಾಸಿ. ಮಂಜಿ ಅಂದರೆ ನಮ್ಮ ಕರಾವಳಿಯಿಂದ ಹೆಂಚು ತುಂಬಿಕೊಂಡು ಅರಬರ ಕಡೆ ಹೋಗಿ, ಖರ್ಜೂರ ತುಂಬಿಕೊಂಡು ಬರುತ್ತಿದ್ದ ಮರದ ಹಾಯಿಹಡಗು. ಗಾಳಿಯೇ ಅದರ ಎಂಜಿನ್. ಮಾಮಿಯ ಎರಡನೆಯ ಮಗ ಹೊಟ್ಟೆಯಲ್ಲಿದ್ದಾಗ ಮಾವ ಮಂಜಿ ಹತ್ತಿ ಹೋದರು. ಮಂಜಿ ತಿರುಗಿ ಬಂತು, ಮಾವ ಬರಲಿಲ್ಲ. ರಾತ್ರಿ ಹಾಯಿ ಇಳಿಸುವಾಗ ಗಾಳಿಗೆ ಸಿಕ್ಕಿ ನೀರಿಗೆ ಬಿದ್ದರು, ಮಂಜಿ ತಿರುಗಿಸಿ ಮಧ್ಯಾಹ್ನದವರೆಗೆ ಹುಡುಕಿದೆವು ಅಂತ ಜೊತೆಯವರು ಹೇಳಿದರು. ಅದನ್ನು ಮಾಮಿ ನಂಬಲೇ ಇಲ್ಲ. "ಅವರು ಮೀನಿನ ಹಾಗೆ ಈಜ್ತಿದ್ರು. ನಿಜವಾಗಿ ಹುಡುಕಿದ್ರೆ ಸಿಗ್ಬೇಕಿತ್ತು" ಅಂದರು. ಮುಂದೆ ಯಾರೋ ಸಂತೆಯಲ್ಲಿ ಇನ್ನೊಂದು ಮಾತು ತೇಲಿಬಿಟ್ಟರು: ಅವನನ್ನು ಅರಬರ ಯಾವುದೋ ಬಂದರಿನಲ್ಲಿ ಕಂಡವರಿದ್ದಾರಂತೆ, ಅಲ್ಲೇ ಇನ್ನೊಂದು ಸಂಸಾರ ಮಾಡಿದ್ದಾನಂತೆ. ಇದನ್ನು ಮಾಮಿ ನಂಬಿದರು. ನಂಬಿ, ನಲವತ್ತು ವರ್ಷ ಬೈದರು. ಸಾರಿಗೆ ಉಪ್ಪು ಹೆಚ್ಚಾದರೂ ಬೈಗುಳ ಮಾವನಿಗೆ.

ಇದರಿಂದ ನನ್ನವರಿಗೆ ಒಂದು ಸಂಕಟವಿತ್ತು. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ, ಅಡಿಗೆ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲುವುದು ನಮ್ಮ ಕ್ರಮ. ಅಜ್ಜ ಅಜ್ಜಿಯರಿಗೆಲ್ಲ ಎಲೆ ಬೀಳುತ್ತಿತ್ತು. ಅಪ್ಪನಿಗೆ ಎಲೆ ಇಲ್ಲ. "ಎಲೆ ಹಾಕಿದ್ರೆ ಸತ್ತಿದ್ದಾರೆ ಅಂತ ನಾನು ಒಪ್ಪಿದ ಹಾಗೆ. ಇನ್ನೊಬ್ಬಳ ಮನೆಯಲ್ಲಿ ಉಣ್ಣುವವರಿಗೆ ನನ್ನ ಮನೆಯಲ್ಲಿ ಎಲೆ ಎಂತಕ್ಕೆ?" ಅನ್ನುತ್ತಿದ್ದರು ಮಾಮಿ. ನನ್ನವರು ತಲೆ ತಗ್ಗಿಸಿ ಕೈ ತೊಳೆಯುತ್ತಿದ್ದರು. ಅವರಿಗೂ ವಯಸ್ಸಾಗುತ್ತಿತ್ತು. ಅಪ್ಪನಿಗೆ ಒಂದು ತುತ್ತು ಇಡದೆ ತಾನೂ ಹೋಗಿಬಿಡುತ್ತೇನೋ ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಅದಾದ ಮೇಲೆ ಆ ವಿಷಯದಲ್ಲಿ ನಾನು ತಮಾಷೆ ಮಾಡಲಿಲ್ಲ.

ಹೊಟ್ಟೆಯಲ್ಲಿದ್ದ ಆ ಎರಡನೆಯ ಮಗ ಬೆಳೆದು, ತಾಯಿ ಬೇಡವೆಂದರೂ ಹಡಗಿಗೇ ಸೇರಿದ್ದ. ಅದೂ ಹಾಯಿಹಡಗು. ಪ್ರವಾಸಿಗಳನ್ನು ಕೂರಿಸಿಕೊಂಡು ಕೋಸ್ಟರಿಕಾದಿಂದ ಪನಾಮಾದವರೆಗೆ ಕಾಡಿನ ಅಂಚಿನಲ್ಲೇ ಸಾಗುವ ಬಿಳಿ ಹಡಗು. ಅದರಲ್ಲಿ ಹಾಯಿ, ಹಗ್ಗಗಳೆಲ್ಲ ಅವನ ಸುಪರ್ದಿ. ಕೆಲಸದವರ ಮನೆಯವರನ್ನು ಒಂದು ಸಲ ಕಡಿಮೆ ದರದಲ್ಲಿ ಕರೆದುಕೊಂಡು ಹೋಗುವ ಅನುಕೂಲ ಅಲ್ಲಿತ್ತು. ಅವನು ಫೋನು ಮಾಡಿ, "ಅಮ್ಮನನ್ನು ಕಳಿಸಿ. ಅಪ್ಪ ಎಂತಾ ಕಡೆ ನಿಲ್ತಿದ್ರು ಅಂತ ಅವರು ಒಮ್ಮೆ ನಿಂತು ನೋಡ್ಲಿ" ಅಂದ. ಮಂಜಿ ಬಂದರಿನಲ್ಲಿದ್ದಾಗಲೂ ಹೆಂಗಸರು ಅದನ್ನು ಹತ್ತುವಂತಿರಲಿಲ್ಲ. ಮಾಮಿ ದಡದಲ್ಲೇ ನಿಂತು ಗಂಡನನ್ನು ಕಳಿಸಿದವರು.

ನನ್ನವರಿಗೆ ರಜೆ ಸಿಗಲಿಲ್ಲ. ಕತಾರಿನಿಂದ ಹೊರಗೆ ಹೋಗಲು ಅವರಿಗೆ ಕಂಪನಿಯ ಒಪ್ಪಿಗೆ ಬೇಕು. ನನಗೂ ಮಾಮಿಗೂ ನನ್ನವರ ಒಪ್ಪಿಗೆಯೇ ಸಾಕು.

"ಮ್ಯಾನೇಜರ್ ಮಾಫಿ, ರಜೆ ಇಲ್ಲ ಅಂದ. ಲೆಕ್ಕದ ಕ್ಲೋಸಿಂಗ್ ಮುಗಿಯದೆ ಎಕ್ಸಿಟ್ ಇಲ್ಲ, ಖಲಾಸ್, ಮಾತು ಮುಗೀತು. ನೀವಿಬ್ರೂ ಹೋಗಿ" ಅಂದರು.

"ನಮ್ಮಿಬ್ಬರನ್ನೇ? ತಿರುಗಿ ಬರುವಾಗ ಒಬ್ಬರೇ ಇದ್ರೆ ಕೇಳ್ಬೇಡಿ" ಅಂದೆ.

"ಅದು ನಾನೇ" ಅಂದರು ಒಳಗಿನಿಂದ ಮಾಮಿ.

ಎರಡು ಕಡೆ ವಿಮಾನ ಬದಲಿಸಿ ಹೋದೆವು. ಹಡಗನ್ನು ಕಂಡಾಗ ಮಾಮಿ ಚಪ್ಪಲಿ ಬಿಚ್ಚಿ, ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಬಿಳಿಯರೆಲ್ಲ ಚಡ್ಡಿಯಲ್ಲಿದ್ದರು, ನಾವು ಹತ್ತಿ ಸೀರೆಯಲ್ಲಿ. ಹಾಯಿ ಏರಿಸುವಾಗ ಪ್ರವಾಸಿಗಳೂ ಹಗ್ಗ ಎಳೆಯಬಹುದು. ಮಾಮಿ ಹೋಗಿ ಸಾಲಿನಲ್ಲಿ ನಿಂತು ಎಳೆದರು. ಎಂಜಿನ್ ಆರಿಸಿದ್ದೇ, ಗಾಳಿಯ ಸದ್ದು ಬಿಟ್ಟು ಬೇರೇನೂ ಇಲ್ಲ. ಅಷ್ಟು ದೊಡ್ಡ ಹಡಗು ಉಸಿರು ಬಿಗಿಹಿಡಿದವರ ಹಾಗೆ ಜಾರುತ್ತಿತ್ತು. ಪಕ್ಕದಲ್ಲಿ ಕಾಡು ಗುಡ್ಡದಿಂದ ಇಳಿದು ನೇರ ಉಪ್ಪುನೀರಿಗೇ ಕಾಲಿಟ್ಟಿತ್ತು. ಪೆಲಿಕನ್ ಹಕ್ಕಿಗಳು ಅಲೆಯ ಬೆನ್ನು ಸವರಿಕೊಂಡು ಸಾಲಾಗಿ ಹೋಗುತ್ತಿದ್ದವು. ಬೆಳಗ್ಗೆ ಕಾಡಿನೊಳಗಿಂದ ಹುಲಿ ಗುರುಗುಟ್ಟಿದಂತೆ ಕೇಳುತ್ತಿತ್ತು. ಅದು ಕೋತಿ ಅಂತ ಮೈದುನ ಹೇಳಿದ. "ಅಷ್ಟು ಸಣ್ಣ ಪ್ರಾಣಿಗೆ ಅಷ್ಟು ದೊಡ್ಡ ಬಾಯಾ?" ಅಂದು ಮಾಮಿ ನನ್ನ ಕಡೆ ನೋಡಿದರು.

ಒಂದು ದಿನ ಸಣ್ಣ ದೋಣಿಯಲ್ಲಿ ದಡಕ್ಕೆ ಇಳಿಸಿದರು. ಮರಳಿನ ಅಂಚಿಗೆ ದೊಡ್ಡ ಮರಗಳು, ಅವುಗಳ ತುಂಬ ಕೆಂಪು ಗಿಳಿಗಳು, ಒಂದೊಂದೂ ಕೋಳಿಯಷ್ಟು ದೊಡ್ಡದು. ಕಾಯಿ ಕಚ್ಚಿ ಸಿಪ್ಪೆಯನ್ನು ನಮ್ಮ ತಲೆಯ ಮೇಲೆ ಹಾಕುತ್ತಿದ್ದವು. ಬಿಳಿಯರು ಗಿಳಿಗಳ ಫೋಟೋ ತೆಗೆಯುತ್ತಿದ್ದರೆ ಮಾಮಿ ನೆಲ ನೋಡುತ್ತಿದ್ದರು. ಬಗ್ಗಿ ಒಂದು ಕಾಯಿ ಹೆಕ್ಕಿ, ಕಲ್ಲಿನಿಂದ ಜಜ್ಜಿ, ಒಳಗಿನ ಬೀಜ ಬಾಯಿಗೆ ಹಾಕಿಕೊಂಡರು. ನಮ್ಮೂರ ಕಡಲ ಬದಿಯ ಕಾಡುಬಾದಾಮಿ. ದೋಹಾದ ನಮ್ಮ ಫ್ಲಾಟಿನ ಎದುರಿನ ಮನೆಯ ಅಂಗಳದಲ್ಲೂ ಇದೇ ಮರವಿತ್ತು.

"ಇದನ್ನು ತಿನ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಅಂದೆ.

ಮೈದುನ, "ಈ ಕಾಯಿ ನೀರಲ್ಲಿ ತೇಲ್ತದೆ ಅಮ್ಮ. ಸಮುದ್ರವೇ ಇದನ್ನು ಊರಿಂದೂರಿಗೆ ತಗೊಂಡು ಹೋಗ್ತದೆ ಅಂತಾರೆ" ಅಂದ.

ಮಾಮಿ ಕೈಯಲ್ಲಿದ್ದ ಸಿಪ್ಪೆಯನ್ನು ನೋಡುತ್ತಾ ನಿಂತರು. "ಕಾಯಿಯನ್ನು ತಗೊಂಡು ಹೋಗ್ತದೆ. ಈಜು ಬರುವ ಮನುಷ್ಯನನ್ನು ಯಾಕೆ ದಡಕ್ಕೆ ತರ್ಲಿಲ್ಲ? ಅದಕ್ಕೇ ಹೇಳುವುದು, ಅವರು ಬಿದ್ದೇ ಇಲ್ಲ" ಅಂದರು. ಮೈದುನ ಬಗ್ಗಿ ಇನ್ನೊಂದು ಕಾಯಿ ಹೆಕ್ಕಿದ. ಅಪ್ಪನನ್ನು ಕಂಡೇ ಇಲ್ಲದವನು ಅವನು.

ಮರುದಿನ ಹಡಗು ಪನಾಮಾದ ಕಡೆ ತೆರೆದ ಸಮುದ್ರದಲ್ಲಿತ್ತು. ಒಳ್ಳೆಯ ಗಾಳಿ, ಎಲ್ಲ ಹಾಯಿಗಳೂ ತುಂಬಿದ್ದವು. ಆಗಾಗ ಅವರೊಂದು ಅಭ್ಯಾಸ ಮಾಡುವುದಿತ್ತು. ಯಾರಾದರೂ ನೀರಿಗೆ ಬಿದ್ದರೆ ಏನು ಮಾಡಬೇಕು ಅನ್ನುವ ಅಭ್ಯಾಸ. ಮನುಷ್ಯನ ಬದಲು ಮನುಷ್ಯನಷ್ಟೇ ಉದ್ದದ ಒಂದು ಕಿತ್ತಳೆ ಬಣ್ಣದ ಗೊಂಬೆಯನ್ನು ನೀರಿಗೆ ಎಸೆದರು. ಒಬ್ಬ ಕೂಗಿದ. ಕೂಡಲೇ ಇನ್ನೊಬ್ಬ ನಾವಿಕ ಹಿಂದುಗಡೆ ಎತ್ತರದಲ್ಲಿ ನಿಂತು, ಕೈ ನೇರ ಚಾಚಿ, ಬೆರಳಿನಿಂದ ಗೊಂಬೆಯನ್ನು ತೋರಿಸುತ್ತಾ ನಿಂತ. ಉಳಿದವರೆಲ್ಲ ಹಗ್ಗಗಳ ಕಡೆ ಓಡಿದರು. ಅವನು ಮಾತ್ರ ಅಲ್ಲಾಡಲಿಲ್ಲ.

"ಅವನು ಎಂತಕ್ಕೆ ಸುಮ್ಮನೆ ನಿಂತದ್ದು?" ಮಾಮಿ ಕೇಳಿದರು.

"ಅವನ ಕೆಲಸ ಅದೇ ಅಮ್ಮ. ಬಿದ್ದವನ ಮೇಲಿಂದ ಕಣ್ಣು ತೆಗಿಬಾರ್ದು. ಕಣ್ಣು ತಪ್ಪಿದ್ರೆ ಮತ್ತೆ ಸಿಗುದಿಲ್ಲ" ಅಂತ ಹೇಳಿ ಮೈದುನ ತನ್ನ ಹಗ್ಗಕ್ಕೆ ಓಡಿದ.

ಮಾಮಿಯೂ ರೇಲಿಂಗಿಗೆ ಹೋಗಿ ಬೆರಳು ಚಾಚಿ ನಿಂತರು. ಹಡಗು ನಿಲ್ಲಲಿಲ್ಲ. ತುಂಬಿದ ಹಾಯಿ ಅದನ್ನು ಎಳೆದುಕೊಂಡು ಮುಂದೆ ಮುಂದೆ ಹೋಯಿತು. ಗೊಂಬೆ ಅಲೆಯ ಮೇಲೆ ಬಂದಾಗ ಒಂದು ಚುಕ್ಕೆ, ಕೆಳಗೆ ಹೋದಾಗ ಏನೂ ಇಲ್ಲ. ಮಾಮಿಯ ಬೆರಳು ಆ ಕಡೆ, ಈ ಕಡೆ ಅಲೆಯಿತು. "ಎಲ್ಲುಂಟು? ಈಗ ಇತ್ತಲ್ಲ, ಎಲ್ಲುಂಟು?" ಅನ್ನುತ್ತಾ ಅವರು ಇನ್ನೂ ಇನ್ನೂ ಬಗ್ಗಿದರು. ಅವರ ಸೊಂಟ ನಾನು ಹಿಡಿದದ್ದು ಆಗ. ಹಗಲು, ಬಿಸಿಲು, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ಆದರೂ ನಮ್ಮಿಬ್ಬರಿಗೂ ಅದು ಮತ್ತೆ ಕಾಣಲಿಲ್ಲ.

ಹಡಗು ಗಾಳಿಗೆ ಅಡ್ಡ ತಿರುಗಿ ನಿಲ್ಲುವಷ್ಟರಲ್ಲಿ ನಾವು ಬಹಳ ದೂರ ಬಂದಿದ್ದೆವು. ರಬ್ಬರ್ ದೋಣಿ ಇಳಿಸಿ, ಆ ನಾವಿಕನ ಬೆರಳು ಹೇಳಿದ ದಿಕ್ಕಿಗೆ ಹೋಗಿ ಗೊಂಬೆಯನ್ನು ತಂದರು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಡೆಕ್ಕಿನ ಮೇಲೆ ನೀರು ಸುರಿಸುತ್ತಾ ಬಿದ್ದಿದ್ದ ಗೊಂಬೆಯ ಹತ್ತಿರ ಮಾಮಿ ಕೂತರು. ಮೈದುನ ಕೈ ಒರೆಸಿಕೊಳ್ಳುತ್ತಾ ಬಂದ.

"ರಾತ್ರಿ ಆಗಿದ್ರೆ?" ಅಂತ ಮಾಮಿ ಕೇಳಿದರು.

"ಕಷ್ಟ ಅಮ್ಮ."

"ಮಂಜಿಯಲ್ಲಿ ಎಂಜಿನ್ ಇರ್ಲಿಲ್ಲ. ಈ ರಬ್ಬರ್ ದೋಣಿಯೂ ಇರ್ಲಿಲ್ಲ. ತಿರುಗಿಸಿ ಅದೇ ಜಾಗಕ್ಕೆ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು?"

ಅವನು ತಲೆಯೆತ್ತಿ ಹಾಯಿಗಳ ಕಡೆ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಎದುರುಗಾಳಿಯಾದ್ರೆ ಬೆಳಗಾಗ್ತದೆ. ಅದೇ ಜಾಗ ಅಂತ ಹೇಳ್ಲಿಕ್ಕೂ ಆಗುದಿಲ್ಲ."

ಮಾಮಿ ಗೊಂಬೆಯ ಒದ್ದೆ ತೋಳನ್ನು ಸೆರಗಿನಿಂದ ಒರೆಸಿದರು. "ಹಾಗಾದ್ರೆ ಮಂಜಿಯವರು ಹುಡುಕಿರ್ಬಹುದು" ಅಂದರು. ಆಮೇಲೆ, "ಇವನಿಗೆ ಬೆರಳು ತೋರಿಸ್ಲಿಕ್ಕೆ ಒಬ್ಬ ಇದ್ದ. ಅವರಿಗೆ ಯಾರೂ ಇರ್ಲಿಲ್ಲ" ಅಂದರು.

ಹಡಗು ಅಲುಗುತ್ತಿದ್ದುದರಿಂದ ದಿನಾ ಬೆಳಗ್ಗೆ ಮಾಮಿಗೆ ಕನ್ನಡಿ ಹಿಡಿಯುವ ಕೆಲಸ ನನ್ನದಾಗಿತ್ತು. ಕುಂಕುಮ ವಾರೆಯಾದರೆ ನನಗೆ ಬೈಗುಳ. ಮರುದಿನವೂ ಹಿಡಿದೆ.

"ಬೇಡ, ಒಳಗಿಡು."

"ಮಾಮಿ, ಈ ಕಾಲದಲ್ಲಿ ಅದೆಲ್ಲ ಯಾರು ಕೇಳ್ತಾರೆ? ನಿಮ್ಮ ಹಣೆ, ನಿಮ್ಮ ಕುಂಕುಮ. ಇಟ್ಕೊಳ್ಳಿ."

"ನಾನು ಇಟ್ಟದ್ದು ಅವರಿಗಲ್ಲ ಮಾರಾಯ್ತಿ, ಆ ಇನ್ನೊಬ್ಬಳ ಮೇಲಿನ ಹಠಕ್ಕೆ. ಅವಳೇ ಇಲ್ಲ ಈಗ" ಅಂದರು. ಕನ್ನಡಿ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ನನ್ನ ಮುಖ ನೋಡಿಕೊಳ್ಳಲೂ ನನಗೆ ಆಗಲಿಲ್ಲ.

ಆ ದಿನ ದೂರದಲ್ಲಿ ತಿಮಿಂಗಿಲವೊಂದು ಮರಿಯ ಜೊತೆ ಎದ್ದಿತು. ಎಲ್ಲರೂ ಆ ಬದಿಗೆ ಓಡಿದರು. ಮಾಮಿ ಈ ಬದಿಯಲ್ಲೇ, ಏನೂ ಇಲ್ಲದ ನೀರನ್ನು ನೋಡುತ್ತಾ ಕೂತಿದ್ದರು. ನಾನೂ ಅವರ ಪಕ್ಕದಲ್ಲಿ ಕೂತೆ. ತಿಮಿಂಗಿಲವನ್ನು ನಾನು ಇಲ್ಲಿಯವರೆಗೆ ಸರಿಯಾಗಿ ನೋಡಿಲ್ಲ.

ದೋಹಾಕ್ಕೆ ಬಂದ ಮೇಲೆ ಶುಕ್ರವಾರ ನನ್ನವರು ಕಾರಿನ ಕೀ ಹಿಡಿದು, "ಅಮ್ಮ, ಯಲ್ಲಾ, ಹೊರಡುವ, ಕಾರ್ನಿಶ್" ಅಂದರು.

"ಅಲ್ಲಿ ಎಂತ ಉಂಟು? ನೀವು ಗಂಡ ಹೆಂಡ್ತಿ ಹೋಗಿ" ಅಂದು ಮಾಮಿ ಟೀವಿ ಹಾಕಿದರು. ಬರಿಯ ಹಣೆಯನ್ನು ನನ್ನವರು ಮೊದಲ ದಿನವೇ ನೋಡಿದ್ದರು, ಕೇಳುವ ಧೈರ್ಯವಿರಲಿಲ್ಲ.

ಆಟಿ ಬಂತು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಹಿಡಿಯುವ ದೋಹಾದ ಸೆಖೆ. ಮಲಯಾಳಿ ಅಂಗಡಿಯಿಂದ ಬಾಳೆಲೆ ತಂದು, ಕೋಳಿ ಸುಕ್ಕ, ನೀರುದೋಸೆ ಮಾಡಿದೆ. ಅಲ್ಲಿಯವರ ಮೆಚ್ಚಿನ ಹಮೂರ್ ಮೀನು ಕತ್ತರಿಸುತ್ತಿದ್ದಾಗ ಮಾಮಿ ಬಂದು ನಿಂತರು.

"ಬಂಗುಡೆ ಸಿಗ್ಲಿಲ್ವಾ? ಅವರು ಇದನ್ನು ತಿನ್ನುದಿಲ್ಲ" ಅಂದರು.

ನಾನು ಕತ್ತಿ ಕೆಳಗಿಟ್ಟೆ. ನನ್ನವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಮೆಟ್ಟಿಕೊಂಡು ಆ ಬಿಸಿಲಲ್ಲಿ ನಡೆದೇ ಹೋಗಿ, ಐಸಿನಲ್ಲಿಟ್ಟ ಬಂಗುಡೆ ತಂದರು. ಒಂದು ಎಲೆ ಹೆಚ್ಚು ಹಾಕಿದೆವು. ಬಡಿಸಿದವರು ನನ್ನವರೇ. ಬಂಗುಡೆಯಲ್ಲಿ ದೊಡ್ಡದನ್ನು ಆರಿಸಿ ಅಪ್ಪನ ಎಲೆಗೆ ಹಾಕಿದರು.

ಕ್ರಮದಂತೆ ದೀಪ ಹಚ್ಚಿ ಎಲ್ಲರೂ ಎಲೆ ಹಾಕಿದ ಕೋಣೆಯಿಂದ ಹಾಲಿಗೆ ಬಂದು ಬಾಗಿಲು ಹಾಕಿದೆವು. ಆಮೇಲೆ ನೋಡಿದರೆ ಮಾಮಿ ನಮ್ಮ ಜೊತೆ ಇಲ್ಲ. ಒಳಗೇ ಉಳಿದಿದ್ದರು. ಸಣ್ಣ ದನಿ ಕೇಳುತ್ತಿತ್ತು. ನನ್ನವರು ಸೋಫಾದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ನನಗೆ ತಡೆಯಲಾಗಲಿಲ್ಲ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಬಾಗಿಲು ತಟ್ಟಿ, "ಮಾಮಿ, ಅವರು ಉಣ್ಣುವಾಗ ಯಾರೂ ಒಳಗೆ ಇರ್ಬಾರ್ದು ಅಂತ ನನಗೆ ಕಲಿಸಿದ್ದು ನೀವೇ" ಅಂದೆ.

ಒಳಗಿನಿಂದ ಮಾಮಿ ಅಂದರು: "ನಲ್ವತ್ತು ವರ್ಷ ಬೈದದ್ದಕ್ಕೆ ನಂಗೆ ಇವರ ಹತ್ರ ಸ್ವಲ್ಪ ಮಾತಾಡ್ಲಿಕ್ಕುಂಟು. ನೀನು ನಿನ್ನ ಗಂಡನ ಹತ್ರ ಹೋಗಿ ಕೂತ್ಕೋ."