ಇಬ್ಬರ ಸೈಕಲ್ಲಿನ ಮುಂದಿನ ಸೀಟು

ಹಲ್ಲಿನಕ್ಕ ಅಂದರೆ ಬೀದಿಗೆಲ್ಲ ಗೊತ್ತು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಕಟ್ಟುವವಳು. ಮಹಡಿ ಮೇಲಿನ ಇಕ್ಕಟ್ಟಾದ ಲ್ಯಾಬಿನಲ್ಲಿ ಮೇಣ, ಬಿಳಿ ಪುಡಿ, ಸ್ಪಿರಿಟ್ ದೀಪದ ನಡುವೆ ಆಕೆಯ ಅರ್ಧ ಆಯುಷ್ಯ ಕಳೆದಿತ್ತು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಹಲ್ಲು ನೋಡುವ ಚಾಳಿ ಬೇರೆ ಅಂಟಿಕೊಂಡಿತ್ತು. ಯಜಮಾನರು ಸಿಟಿ ಬಸ್ಸಿನ ಡ್ರೈವರು. ಒಬ್ಬರು ಇಡೀ ದಿನ ಕೂತಲ್ಲೇ ಕೂತು ಅಂಗೈಯಗಲದ ಕೆಲಸ ಮಾಡುವವರು, ಇನ್ನೊಬ್ಬರು ಇಡೀ ಊರನ್ನು ಹೊತ್ತು ತಿರುಗುವವರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಹುಚ್ಚು, ಇಬ್ಬರು ಕೂರುವ ಉದ್ದನೆಯ ಸೈಕಲ್ಲು.

ಮದುವೆಯಾದ ಹೊಸದರಲ್ಲಿ, ಬಾಗಿಲು ಹಾಕುತ್ತಿದ್ದ ಅಂಗಡಿಯೊಂದರಿಂದ ತಂದದ್ದು ಅದು. ಉಕ್ಕಿನ ಕೊಳವೆ, ಹಸಿರು ಬಣ್ಣ, ಎರಡು ಸೀಟು, ಎರಡು ಜೊತೆ ಪೆಡಲು. ಮುಂದೆ ಯಜಮಾನರು, ಹಿಂದೆ ಹಲ್ಲಿನಕ್ಕ. ಈ ವಿಷಯದಲ್ಲಿ ಚರ್ಚೆ ಅಂತ ಯಾವತ್ತೂ ನಡೆದಿರಲಿಲ್ಲ. ಮನೆಯಲ್ಲೇ ಬಸ್ ಡ್ರೈವರ್ ಇರುವಾಗ ಹ್ಯಾಂಡಲ್ ಹಿಡಿಯುವ ಉಸಾಬರಿ ಹಲ್ಲು ಕಟ್ಟುವವಳಿಗೆ ಯಾಕೆ? ರಜೆ ಸಿಕ್ಕಿದಾಗಲೆಲ್ಲ ಊರಾಚೆ ಸವಾರಿ. ಮಗಳು ಹುಟ್ಟಿದ ಮೇಲೆ ಕೆಲವು ವರ್ಷ ಸೈಕಲ್ಲು ಗೋಡೆಗೆ ಒರಗಿ ಬಟ್ಟೆ ಒಣಗಿಸುವ ಹಗ್ಗದ ಕೆಲಸ ಮಾಡಿತು. ಮಗಳು ದೊಡ್ಡವಳಾಗಿ ಬೇರೆ ಮನೆ ಮಾಡಿಕೊಂಡ ಮೇಲೆ ಮತ್ತೆ ಬೀದಿಗಿಳಿಯಿತು.

ಹೀಗಿರುವಾಗ ಡಿಪೋದ ಮೆಕ್ಯಾನಿಕ್ಕು ಯಜಮಾನರಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ಪರದೇಶದಲ್ಲಿ ವರ್ಷಕ್ಕೊಮ್ಮೆ ಹಳೇ ಸೈಕಲ್ಲುಗಳ ಸವಾರಿಯಂತೆ. ಹೊಸ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಗೇರಿನ ಕಡ್ಡಿ ಹ್ಯಾಂಡಲ್ ಮೇಲಲ್ಲ, ಕೆಳಗಿನ ಕೊಳವೆ ಮೇಲಿರಬೇಕು. ಬ್ರೇಕಿನ ತಂತಿ ಹೊರಗೆ ಕಾಣಬೇಕು. ಸವಾರರೂ ಹಳೇ ಕಾಲದವರ ಹಾಗೆ ಉಣ್ಣೆ ಅಂಗಿ ತೊಡಬೇಕು. ದಾರಿ ಮುಕ್ಕಾಲು ಪಾಲು ಜಲ್ಲಿ. ಮೊದಲು ಬಂದವರಿಗೆ ಬಹುಮಾನ ಗಿಹುಮಾನ ಏನೂ ಇಲ್ಲ. ನಡುನಡುವೆ ನಿಂತು, ತಿಂದು, ಹರಟೆ ಹೊಡೆದು ಮುಂದೆ ಹೋದರಾಯಿತು.

ಯಜಮಾನರ ತಲೆಗೆ ಹುಳ ಹೊಕ್ಕಿತು. ರಿಟೈರಾಗುವ ವರ್ಷ ಹೋಗಿಯೇ ತೀರುವುದು ಅಂತ ನಿಶ್ಚಯವಾಯಿತು. ಬೀರುವಿನ ಬಾಗಿಲ ಮೇಲೆ ಆ ಸೀಮೆಯ ನಕ್ಷೆ ಏರಿತು. ಏರು ಎಲ್ಲಿ, ಇಳಿಜಾರು ಎಲ್ಲಿ, ನೀರು ಎಲ್ಲಿ ಸಿಗುತ್ತೆ ಅಂತ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿದ್ದೇ ಹಾಕಿದ್ದು. ಸವಾರಿಗೆ ಇದ್ದ ಮೂರು ದಾರಿಗಳಲ್ಲಿ ಅತ್ಯಂತ ಉದ್ದದ್ದೇ ತಮ್ಮದು ಅಂದರು. ಸ್ನಾನದ ಮನೆಯಿಂದ "ಪಂಚರ್ ಆಗಿದೆ, ಸಹಾಯ ಮಾಡಿ" ಅನ್ನುವುದನ್ನು ಅಲ್ಲಿಯವರ ಭಾಷೆಯಲ್ಲಿ ಬಾಯಿಪಾಠ ಮಾಡುವುದು ಕೇಳಿಸುತ್ತಿತ್ತು. ಹಲ್ಲಿನಕ್ಕ ಸೆಟ್ಟಿಗೆ ಹೊಳಪು ಕೊಡುವ ಪುಡಿಯನ್ನು ಮನೆಗೆ ತಂದು ಹಳೇ ಹ್ಯಾಂಡಲ್ಲನ್ನು ಉಜ್ಜಿ, ಮುಖ ಕಾಣುವ ಹಾಗೆ ಮಾಡಿದಳು. ನಾದಿನಿ ಇಬ್ಬರಿಗೂ ಉಣ್ಣೆ ಅಂಗಿ ಹೆಣೆದುಕೊಟ್ಟಳು. ತೊಟ್ಟು ನೋಡಿದ ಯಜಮಾನರು "ಕಂಬಳಿಹುಳ ತಬ್ಬಿಕೊಂಡ ಹಾಗಿದೆ" ಅಂದದ್ದು ನಾದಿನಿಯ ಕಿವಿಗೆ ಬಿದ್ದು, ಅಣ್ಣ-ತಂಗಿ ಸ್ವಲ್ಪ ಕಾಲ ಮಾತು ಬಿಟ್ಟದ್ದೂ ಆಯಿತು.

ಈ ತಯಾರಿಯ ನಡುವೆಯೇ ಒಂದು ದಿನ ಯಜಮಾನರ ಬಸ್ಸು ಎಡಗಡೆಯ ಕಂಬಕ್ಕೆ ಕನ್ನಡಿ ತಗುಲಿಸಿಕೊಂಡಿತು. ಕಂಬ ಇದ್ದದ್ದೇ ಕಾಣಲಿಲ್ಲ ಅಂದರು. ಡಿಪೋದವರು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕಣ್ಣೊಳಗಿನ ಒತ್ತಡ ಏರಿ, ಎರಡು ಕಡೆಯ ಅಂಚಿನ ನೋಟ ಹೋಗಿತ್ತು. ನೇರ ಇರುವುದು ಕಾಣುತ್ತದೆ, ಪಕ್ಕದ್ದು ಇಲ್ಲ. ಕೊಳವೆಯಲ್ಲಿ ಇಣುಕಿದ ಹಾಗೆ. ಇದ್ದಷ್ಟನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. ಡ್ರೈವರ್ ಸೀಟಿನಿಂದ ಇಳಿಸಿ, ಡಿಪೋದ ಕಿಟಕಿ ಹಿಂದೆ ಕೂರಿಸಿ, ಬೇರೆ ಡ್ರೈವರುಗಳಿಗೆ ಬಸ್ಸಿನ ಕೀಲಿ ಕೊಡುವ ಕೆಲಸಕ್ಕೆ ಹಾಕಿದರು.

ಅವತ್ತು ಯಜಮಾನರು ಮನೆಗೆ ಬಂದವರೇ ನೆಟ್ಟಗೆ ಬೀರುವಿನ ಹತ್ತಿರ ಹೋಗಿ ನಕ್ಷೆಯ ಒಂದು ಮೂಲೆ ಕಿತ್ತರು.

"ಅದ್ಯಾಕೆ ಕೀಳ್ತಿದ್ದೀರಿ?" ಅಂದಳು ಹಲ್ಲಿನಕ್ಕ. ಉಗುರಿನ ಸಂದಿನ ಬಿಳಿ ಪುಡಿ ತೆಗೆಯುತ್ತ ಮೇಜಿನ ಮುಂದೆ ಕೂತಿದ್ದಳು.

"ಬಿಡು. ಅದೆಲ್ಲ ಮುಗೀತು."

"ಏನು ಮುಗೀತು? ನಿಮ್ಮ ಕಾಲಿಗೇನಾಗಿದೆ?"

"ಕಾಲಲ್ಲಿ ದಾರಿ ನೋಡ್ಲಾ?"

"ನಾನು ನೋಡ್ತೀನಿ. ನೀವು ಹಿಂದೆ ಕೂತ್ಕೊಳ್ಳಿ."

ಯಜಮಾನರು ತಿರುಗಿ ನೋಡಿದರು. ತಮಾಷೆಯೋ ಅಂತ ಆಕೆಯ ಮುಖದಲ್ಲಿ ಹುಡುಕಿದರು. ಆಮೇಲೆ ಕುರ್ಚಿ ಎಳೆದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಆಕೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ಹೋಗಿ ನಕ್ಷೆಯ ಮೂಲೆಗೆ ಮತ್ತೆ ಅಂಟು ಹಚ್ಚಿದಳು.

ಹಾಗೆ ಹೇಳುವುದೇನೋ ಹೇಳಿಬಿಟ್ಟಳು. ಆದರೆ ಹ್ಯಾಂಡಲ್ ಹಿಡಿದದ್ದು ಲಂಗ ತೊಡುವ ವಯಸ್ಸಿನಲ್ಲಿ, ಅದೂ ಅಣ್ಣನ ಸೈಕಲ್ಲಿನಲ್ಲಿ, ಬೇಲಿಗೆ ಬಿದ್ದು ಎದ್ದದ್ದೇ ಹೆಚ್ಚು. ಡಿಪೋದ ಹಿಂದೆ ಹಳೇ ಬಸ್ಸುಗಳನ್ನು ನಿಲ್ಲಿಸುವ ಬಯಲಿತ್ತು. ಮ್ಯಾನೇಜರನ್ನು ಕೇಳಿ, ರಜೆಯ ದಿನ ಬೆಳಿಗ್ಗೆ ಅಲ್ಲಿಗೆ ಹೋದರು. ಮೊದಲ ಸುತ್ತಿನಲ್ಲೇ ಸೈಕಲ್ಲು ಹಾವಿನ ಹಾಗೆ ಹೊರಳಿ, ಸವೆದ ಟೈರುಗಳ ರಾಶಿಗೆ ನುಗ್ಗಿತು. ಏಟೇನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನ ಬಾಯಿ ಮಾತ್ರ ನಿಲ್ಲಲಿಲ್ಲ.

"ಎಡಕ್ಕೆ! ಎಡಕ್ಕೆ ಅಂದ್ನಲ್ಲ! ಬ್ರೇಕ್ ಹಿಡಿ! ಅಷ್ಟಲ್ಲ! ಗೇರ್ ಇಳಿಸು!"

ಎರಡು ವಾರ ಸಹಿಸಿಕೊಂಡಳು. ಮೂರನೇ ವಾರ ಬಯಲಿನ ನಟ್ಟನಡುವೆ ಸೈಕಲ್ಲು ನಿಲ್ಲಿಸಿ ಕಾಲೂರಿದಳು.

"ರೀ, ಹಿಂದೆ ಕೂತೋರು ಪೆಡಲ್ ತುಳೀಬೇಕು. ಬಾಯಿ ತುಳಿಯೋದಲ್ಲ."

"ನೀನು ಓಡಿಸ್ತಿರೋದು ನೋಡಿದ್ರೆ ಜೀವ ಬಾಯಿಗೆ ಬರುತ್ತಲ್ಲೇ!"

"ನಂಗೆ ಬರ್ತಿರ್ಲಿಲ್ವಾ? ಇಷ್ಟು ವರ್ಷ ಹಿಂದೆ ಕೂತು ಒಂದು ಸಲ ತುಟಿ ಬಿಚ್ಚಿದೀನಾ?"

"ನಿಂಗೇನು ಭಯ? ಓಡಿಸ್ತಿದ್ದೋನು ನಾನು."

"ಅದಕ್ಕೇ. ಇಳಿಜಾರು ಬಂದಾಗಲೆಲ್ಲ ಕಣ್ಣು ಮುಚ್ಕೊಂಡಿರ್ತಿದ್ದೆ."

ಯಜಮಾನರು ಸೀಟಿನಿಂದ ಇಳಿದು ಆಕೆಯ ಎದುರಿಗೆ ಬಂದರು. ಇಷ್ಟು ವರ್ಷ ಬೆನ್ನ ಹಿಂದೆ ಕೂತವಳು ಗಾಳಿ ಕುಡಿಯುತ್ತ ಖುಷಿಯಾಗಿದ್ದಾಳೆ ಅಂದುಕೊಂಡಿದ್ದ ಮನುಷ್ಯ. "ಯಾವ ಇಳಿಜಾರು? ಎಲ್ಲಾದ್ರಲ್ಲೂ?" ಅಂತ ಕೇಳಿದರು. "ಎಲ್ಲಾದ್ರಲ್ಲೂ" ಅಂದಳು. "ಹೇಳೋದಲ್ವಾ?" ಅಂದರು. "ಹೇಳಿದ್ರೆ ಮುಂದಿನ ವಾರ ಕರ್ಕೊಂಡು ಹೋಗ್ತಿರ್ಲಿಲ್ವಲ್ಲ" ಅಂದಳು. ಯಜಮಾನರು ಮತ್ತೆ ಹಿಂದಿನ ಸೀಟು ಹತ್ತಿ "ಸರಿ, ಹೊರಡು" ಅಂದರು. ಅವತ್ತಿನಿಂದ ಬಾಯಿಗೆ ಬೀಗ ಬಿತ್ತು ಅಂತಲ್ಲ, ಆದರೆ ಕೇಳಿದರೆ ಮಾತ್ರ ಹೇಳತೊಡಗಿದರು.

ಸುದ್ದಿ ಮಗಳಿಗೆ ಮುಟ್ಟಿತು. ಓಡಿ ಬಂದಳು. "ಅಮ್ಮಾ, ಅಪ್ಪನ್ನ ಹಿಂದೆ ಕೂರಿಸ್ಕೊಂಡು ಪರದೇಶದ ಗುಡ್ಡ ಇಳೀತೀಯಾ? ಬುದ್ಧಿ ನೆಟ್ಟಗಿದೆಯಾ?" ಅಂತ ತಲೆ ಚಚ್ಚಿಕೊಂಡಳು. ಹಲ್ಲಿನಕ್ಕ ವಾದಕ್ಕೆ ಹೋಗಲಿಲ್ಲ, ಡಿಪೋಗೆ ಕರೆದುಕೊಂಡು ಹೋದಳು. ನಿಂತ ಬಸ್ಸುಗಳ ಸಂದಿಯಲ್ಲಿ ಅಪ್ಪ-ಅಮ್ಮ ತಿರುಗಿ ತಿರುಗಿ ಬರುವುದನ್ನು ಮಗಳು ತುಟಿ ಕಚ್ಚಿಕೊಂಡು ನೋಡಿದಳು. ಕೊನೆಗೆ ಒಂದೇ ಷರತ್ತು ಹಾಕಿದಳು: ಉದ್ದದ ದಾರಿ ಬೇಡ, ಅತ್ಯಂತ ಚಿಕ್ಕದ್ದು. ಯಜಮಾನರು ಮುಖ ಗಂಟಿಕ್ಕಿದರು. ಚಿಕ್ಕ ದಾರಿ ಅಂದರೆ ಮಕ್ಕಳ ಆಟ ಅಂದರು. "ಓಡಿಸೋಳು ನಾನು, ಚಿಕ್ಕದ್ದೇ" ಅಂದಳು ಹಲ್ಲಿನಕ್ಕ. ಆ ಮಾತು ಅಲ್ಲಿಗೆ ಇತ್ಯರ್ಥ.

ಇತ್ಯರ್ಥವಾಗದೆ ಉಳಿದದ್ದು ಸೈಕಲ್ಲಿನ ಉದ್ದ. ವಿಮಾನದ ಕಂಪನಿಗೆ ಫೋನು ಮಾಡಿ ಅಳತೆ ಹೇಳಿದರೆ, ಆ ಕಡೆಯ ಹುಡುಗಿ "ಸೈಕಲ್ಲೋ ದೋಣಿಯೋ, ಮೇಡಂ?" ಅಂದಳು. ಅಷ್ಟುದ್ದದ ಪೆಟ್ಟಿಗೆ ಹಾಕುವ ಹಾಗೇ ಇಲ್ಲವಂತೆ. ಅಲ್ಲೇ ಬಾಡಿಗೆಗೆ ತಗೊಳ್ಳಿ ಅಂತ ಮಗಳು ಅಂದಳು. ಯಜಮಾನರು ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೊಂದು ದಾರಿಯೇನೋ ಇತ್ತು. ಕೊಳವೆಗಳನ್ನು ನಡುವೆ ಕೊಯ್ದು, ತಿರುಪಿನಿಂದ ಬಿಚ್ಚಿ ಜೋಡಿಸುವ ಕೀಲು ಕೂರಿಸುವುದು. ಎರಡು ತುಂಡು ಎರಡು ಪೆಟ್ಟಿಗೆಯಲ್ಲಿ ಹೋಗುತ್ತವೆ. ಸವಾರಿ ನಡೆಸುವವರನ್ನು ಕೇಳಿದರೆ, ಸೈಕಲ್ಲು ಹಳೇದೇ ತಾನೆ, ತನ್ನಿ ಅಂದರು.

ಬೆಸುಗೆ ಅಂಗಡಿಯವನನ್ನು ಎಲ್ಲರೂ ಕಿಡಿಯಣ್ಣ ಅನ್ನುತ್ತಿದ್ದರು. ಅವನು ಸೈಕಲ್ಲನ್ನು ಬೆಂಚಿಗೆ ಬಿಗಿದು, ಗೆರೆ ಎಳೆದು, ಗರಗಸ ಎತ್ತಿದ. ಯಜಮಾನರು ಒಂದು ಕ್ಷಣ ಹಸಿರು ಕೊಳವೆಯ ಮೇಲೆ ಕೈಯಿಟ್ಟು, ತೆಗೆದು, ಹೊರಗೆ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಂತರು.

"ಅಕ್ಕಾ, ಇನ್ನೊಂದ್ಸಲ ಯೋಚನೆ ಮಾಡಿ. ಕೊಯ್ದ ಮೇಲೆ ಕೊಯ್ದ ಹಾಗೇ" ಅಂದ ಕಿಡಿಯಣ್ಣ.

ಹಲ್ಲಿನಕ್ಕ ಕೊಳವೆಯ ಮೇಲಿನ ಗೆರೆ ನೋಡಿದಳು. ಕೀಲು ಸರಿಯಾಗಿ ಕೂರದಿದ್ದರೆ ಪರದೇಶವೂ ಇಲ್ಲ, ರಜೆ ದಿನದ ಸವಾರಿಯೂ ಇಲ್ಲ. ಆದರೆ ಹೀಗೇ ಬಿಟ್ಟರೆ ಯಜಮಾನರು ಮತ್ತೆ ನಕ್ಷೆ ಕೀಳಲು ಎದ್ದಾರು ಅನ್ನುವುದೂ ಗೊತ್ತಿತ್ತು.

"ಕೊಯ್ಯಿ" ಅಂದಳು.

ಗರಗಸದ ಸದ್ದು ನಿಂತ ಮೇಲೆ ಯಜಮಾನರು ಒಳಗೆ ಬಂದರು. ಎರಡು ತುಂಡುಗಳನ್ನೂ ಸವರಿ ನೋಡಿ, "ಒಳಗೆ ತುಕ್ಕಿದೆಯಾ?" ಅಂತ ಮಾತ್ರ ಕೇಳಿದರು. ಇಲ್ಲ ಅಂದ ಕಿಡಿಯಣ್ಣ. ಕೀಲು ಕೂರಿಸಿ ಬಣ್ಣ ಹಚ್ಚಿಸಿಕೊಂಡು ತಂದು, ಹೊರಡುವವರೆಗೂ ವಾರವಾರ ಓಡಿಸಿದರು. ಒಂದು ದಿನವೂ ಅದು ಕಿರ್ರೆನ್ನಲಿಲ್ಲ.

ಹೋದರು. ಕಂಬಳಿಹುಳದ ಅಂಗಿ ತೊಟ್ಟು, ಬೆಳಗಿನ ಚಳಿಯಲ್ಲಿ, ನೂರಾರು ಹಳೇ ಸೈಕಲ್ಲುಗಳ ನಡುವೆ ಹೊರಟರು. ಆ ಚಳಿಗೆ ಅಂಗಿ ಹಿತವಾಗಿಯೇ ಇತ್ತು; ತಂಗಿಗೆ ಹೇಳಬೇಕು ಅಂದರು ಯಜಮಾನರು. ಏರಿನಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ತುಳಿದರು. ಒಂದು ಕಡೆ ಜಲ್ಲಿಯ ಇಳಿಜಾರು ಬಾವಿಯೊಳಗೆ ಇಳಿದಂತಿತ್ತು. ಹಲ್ಲಿನಕ್ಕ ಬ್ರೇಕು ಹಿಡಿದು, "ಇಳೀರಿ, ನಡ್ಕೊಂಡು ಹೋಗೋಣ" ಅಂದಳು. ಯಜಮಾನರು ಏನೋ ಅನ್ನಲು ಹೋಗಿ, ಬಿಟ್ಟು, ಇಳಿದರು. ಉಳಿದ ಇಳಿಜಾರುಗಳನ್ನೆಲ್ಲ ಆಕೆ ಹಲ್ಲು ಕಚ್ಚಿ ಓಡಿಸಿಯೇ ಇಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಸವಾರಿ ಮುಗಿಯುವ ಗೆರೆ ದಾಟಿದರು. ಅವರಿಗಿಂತ ಹಿಂದೆಯೂ ಸುಮಾರು ಜನ ಇದ್ದರು.

ಬೆಂಚಿನ ಮೇಲೆ ಕೂತು ಬೂಟು ಬಿಚ್ಚುವಾಗ ಯಜಮಾನರು ಕೇಳಿದರು: "ಹೇಗಿತ್ತೇ ಊರು? ಚೆನ್ನಾಗಿತ್ತಾ?"

"ನಂಗೇನು ಗೊತ್ತು?" ಅಂದಳು. "ನಾನು ರಸ್ತೆ ಬಿಟ್ಟು ಬೇರೇನಾದ್ರೂ ನೋಡಿದ್ರೆ ತಾನೆ?"

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರೇ ಹೇಳುತ್ತ ಹೋದರು. ಎಡಗಡೆ ಬಹಳ ದೂರ ಒಂದು ತೊರೆ ಜೊತೆಗೇ ಬರುತ್ತಿತ್ತು, ಸದ್ದು ಕೇಳಲಿಲ್ಲವಾ? ಎರಡನೇ ಏರಿನ ಮೇಲೆ ಯಾರೋ ಮರ ಕೊಯ್ಯುತ್ತಿದ್ದರು, ಹಸಿ ಮರದ ವಾಸನೆ. ತಲೆ ಪೂರ್ತಿ ತಿರುಗಿಸಿದಾಗ ಕಂಡದ್ದು, ಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಮನೆ, ಕೆಂಪು ಬಾಗಿಲು. ಆಕೆ ಪ್ರತಿಯೊಂದಕ್ಕೂ "ಹೌದಾ?" ಅಂದಳು.

ಮರುದಿನ ಸೈಕಲ್ಲನ್ನು ಪೆಟ್ಟಿಗೆಗಳಿಗೆ ತುಂಬಿ, ಅದೇ ದಾರಿಯಲ್ಲಿ ಹೋಗುವ ಬಸ್ಸು ಹತ್ತಿದರು. ಹಲ್ಲಿನಕ್ಕ ಕಿಟಕಿ ಪಕ್ಕ ಕೂತು ತೊರೆಯನ್ನೂ ಕೆಂಪು ಬಾಗಿಲನ್ನೂ ಕಣ್ತುಂಬ ನೋಡಿದಳು. ಡ್ರೈವರು ಕ್ಲಚ್ಚಿನ ಮೇಲಿಂದ ಕಾಲೇ ತೆಗೆಯುತ್ತಿಲ್ಲ ಅಂತ ಯಜಮಾನರು ದಾರಿಯುದ್ದಕ್ಕೂ ಗೊಣಗಿದರು.