ಬಾಚ್-ಬೊದ್ರೋಗ್ ಜಿಲ್ಲೆಯ ಮೆಣಸಿನ ಮಾಲೆ

ಕತಾರ್‌ನ ಐನ್ ಖಾಲಿದ್‌ನಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿ ಒಬ್ಬ ಈಜು ಕೋಚ್ ಇದ್ದರು. ಕೆಂಪು ಮೆಣಸನ್ನು ಸೂಜಿದಾರದಲ್ಲಿ ಪೋಣಿಸಿ, ಮಾಲೆ ಮಾಡಿ ಕಿಟಕಿಗೆ ತೂಗುಹಾಕುತ್ತಿದ್ದರು. ಸೂಜಿ ತೊಟ್ಟಿಗಷ್ಟೇ ಚುಚ್ಚಬೇಕು, ಮೆಣಸಿನ ಮೈಗೆ ತಾಗಬಾರದು. ಯಾಕೆಂದು ಕೇಳಿದರೆ ಎದೆಯುಬ್ಬಿಸಿ ಒಂದೇ ಮಾತು: "ನಮ್ಮ ಜಿಲ್ಲೆಯಲ್ಲಿ ಹೀಗೇ."

ಆ ಜಿಲ್ಲೆ ಬಾಚ್-ಬೊದ್ರೋಗ್. ಹಳೆಯ ಹಂಗೇರಿಯದ್ದು; ಅದನ್ನು ಒಡೆದು ಹಂಚಿ ನೂರು ವರ್ಷ ದಾಟಿದೆ. ಕೋಚ್ ಅವರ ಮನೆಮಾತು ಹಂಗೇರಿಯನ್, ಪಾಸ್‌ಪೋರ್ಟ್ ಸರ್ಬಿಯಾದ್ದು.

"ಇಲ್ಲದ ಜಿಲ್ಲೆಗೆ ಎಂಥ ಜಂಬ ಮಾರಾಯ್ರೆ ಇವರದ್ದು!" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಒಂದು ಶುಕ್ರವಾರ ಚಹಾಕ್ಕೆ ಬಂದ ಕೋಚ್ ಅವಳ ಊರು ಕೇಳಿದರು.

"ಕುಂದಾಪುರ. ದಕ್ಷಿಣ ಕನ್ನಡ ಜಿಲ್ಲೆ."

ಅವರು ಫೋನಿನಲ್ಲಿ ನಕ್ಷೆ ತೆರೆದು ಬೆರಳಿಟ್ಟರು. "ಇಲ್ಲಿ ಉಡುಪಿ ಜಿಲ್ಲೆ ಅಂತಿದೆಯಲ್ಲ?"

ಹೆಂಡತಿ ಸೆಟೆದು ಕುಳಿತಳು. "ಅದೆಲ್ಲ ಆಮೇಲೆ ಒಡೆದದ್ದು. ನಮ್ಮದು ಅವಿಭಜಿತ ದಕ್ಷಿಣ ಕನ್ನಡ!"

ಕೋಚ್ ನಗಲಿಲ್ಲ. ಎದ್ದು ಮನೆಗೆ ಹೋಗಿ, ಎಲ್ಲಕ್ಕಿಂತ ಉದ್ದದ ಮಾಲೆ ಬಿಚ್ಚಿ ತಂದು ಅವಳ ಕೈಗಿಟ್ಟರು.

ಅವರು ಕತಾರ್ ಬಿಟ್ಟು ಹೋಗಿ ಎರಡು ವರ್ಷವಾಯಿತು. ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯೇ ಪೋಣಿಸಿದ ಮಾಲೆ ತೂಗುತ್ತದೆ. ಮೆಣಸನ್ನು ತೊಟ್ಟಿನಲ್ಲೇ ಯಾಕೆ ಪೋಣಿಸುತ್ತೀರಿ ಎಂದು ಕೇಳಿದವರಿಗೆ ಅವಳು ಎದೆಯುಬ್ಬಿಸಿ ಹೇಳುತ್ತಾಳೆ: "ಬಾಚ್-ಬೊದ್ರೋಗ್ ಜಿಲ್ಲೆಯಲ್ಲಿ ಹೀಗೇ."