ಏಕಾದಶಿಯಂದು ಹಲ್ಲುಜ್ಜದ ಮನೆ

ಬೈಲಹೊಂಗಲದ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಲ್ಲುಜ್ಜಬೇಕೋ ಬೇಡವೋ ಎಂಬುದನ್ನು ಪಂಚಾಂಗ ಹೇಳುತ್ತಿತ್ತು. ಅಪ್ಪನದು ಪೌರೋಹಿತ್ಯ. ಕಿತ್ತೂರು, ಸವದತ್ತಿಯ ತನಕ ಅವರಿಗೆ ಕರೆ ಬರುತ್ತಿತ್ತು. ಏಕಾದಶಿ, ಅಮಾವಾಸ್ಯೆ, ಶ್ರಾದ್ಧ, ವ್ರತ, ಈ ದಿನಗಳಲ್ಲಿ ಹಲ್ಲಿಗೆ ಕಡ್ಡಿ ತಾಗಿಸಬಾರದು, ಬಾಯಿ ಮುಕ್ಕಳಿಸಿದರೆ ಸಾಕು ಎಂಬುದು ಅವರ ಶಾಸ್ತ್ರ. ಉಳಿದ ದಿನ ಬೇವಿನ ಕಡ್ಡಿ, ಇಲ್ಲವೇ ಇದ್ದಿಲು ಮತ್ತು ಉಪ್ಪು. ಅಂಗಡಿಯ ಬಿಳಿ ಹಲ್ಲುಪುಡಿಯಲ್ಲಿ ಎಲುಬಿನ ಪುಡಿ ಇರುತ್ತದೆ, ಬ್ರಶ್ಶು ಹಂದಿಯ ಕೂದಲಿನದು ಎಂದು ಯಾರೋ ಅವರ ಕಿವಿ ತುಂಬಿದ್ದರು. ಅದು ಎಪ್ಪತ್ತರ ದಶಕ. ಓಣಿಯ ಹುಡುಗಿಯರು ಬಾಯಿತುಂಬ ನೊರೆ ಮಾಡಿಕೊಂಡು ಕಟ್ಟೆಯ ಮೇಲೆ ನಿಲ್ಲುತ್ತಿದ್ದರೆ ನಾನು ಕರಿಬಾಯಿ ಮಾಡಿಕೊಂಡು ಹಿತ್ತಲಲ್ಲಿ ಕೂತಿರುತ್ತಿದ್ದೆ.

ನನ್ನ ಹಲ್ಲು ಹೇಗೋ ಬದುಕಿದವು. ಶಾಲೆಗೆ ಹೋಗುವಾಗ ಗೆಳತಿಯ ಮನೆಯಲ್ಲಿ ಕದ್ದು ಉಜ್ಜುತ್ತಿದ್ದೆ. ಅವ್ವನಿಗೆ ಅಂಥ ಗೆಳತಿ ಇರಲಿಲ್ಲ, ವ್ರತಗಳು ಮಾತ್ರ ಇದ್ದವು. ಸೋಮವಾರ, ಗುರುವಾರ, ಏಕಾದಶಿ, ಎಲ್ಲವೂ ಅಪ್ಪನ ಆಯುಷ್ಯಕ್ಕೆ. ಉಪವಾಸದಂದು ಅವಳು ತಿನ್ನುತ್ತಿದ್ದುದು ಶೇಂಗಾದ ಉಂಡೆ, ಖರ್ಜೂರ, ಬೆಲ್ಲ. ಹಲ್ಲಿಗೆ ಅಂಟುವುದನ್ನೇ ತಿನ್ನಬೇಕು, ಉಜ್ಜಲು ಮಾತ್ರ ಹೋಗಬಾರದು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಜ್ಜನ ಶ್ರಾದ್ಧಕ್ಕೆ ಇನ್ನೊಂದು ವಾರವಿದ್ದಾಗ ಅವ್ವನ ಎಡದವಡೆಯ ಹಲ್ಲು ನೋಯತೊಡಗಿತು. ಎರಡೇ ದಿನಕ್ಕೆ ಕೆನ್ನೆ ಪೂರಿಯಂತೆ ಉಬ್ಬಿತು. ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಮುಂಜಾನೆಯ ಬಸ್ಸಿಗೆ ಹೋದರೆ ಸಂಜೆಗೆ ಬರಬಹುದು ಎಂದು ಪಕ್ಕದ ಮನೆಯಾಕೆ ಬಂದು ಹೇಳಿದಳು. ಅವ್ವ ಅಪ್ಪನ ಮುಖ ನೋಡಿದಳು.

“ಶ್ರಾದ್ಧ ಮುಗೀಲಿ,” ಎಂದರು ಅಪ್ಪ. “ಬಾಯಾಗ ರಕ್ತ ಇಟ್ಕೊಂಡು ಮಡಿ ಅಡಗಿ ಹೆಂಗ ಮಾಡ್ತಿ?”

ಬೇರೆಯವರಿಂದ ಅಡುಗೆ ಮಾಡಿಸಬಹುದಿತ್ತು. ಸಂಪಗಾಂವದಲ್ಲಿ ನಮ್ಮ ಚಿಕ್ಕಮ್ಮ ಇದ್ದಳು, ಹೇಳಿ ಕಳಿಸಿದ್ದರೆ ಓಡಿ ಬರುತ್ತಿದ್ದಳು. ಆದರೆ ಅಪ್ಪನಿಗೆ ಅವ್ವನ ಕೈಯಡುಗೆಯೇ ಆಗಬೇಕಿತ್ತು. ಅವಳ ಕೈರುಚಿಯ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವಳ ಬಾಯಿಯೊಳಗೆ ಏನಾಗುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಶ್ರಾದ್ಧದ ದಿನ ಅವ್ವ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತಳು. ಬಿಸಿ ಹಬೆ ಕೆನ್ನೆಗೆ ಹೊಡೆದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಡೆಯಲಾರದೆ ನಾನು ಒಂದು ಲವಂಗ ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟೆ, ಅವಳನ್ನು ಮುಟ್ಟುವಂತಿರಲಿಲ್ಲ. ಅವಳು ಕೈಚಾಚುವಷ್ಟರಲ್ಲಿ ಅಪ್ಪ ನೋಡಿದರು. ಬಾಯಿಗೆ ಲವಂಗ ಹಾಕಿಕೊಂಡರೆ ಅಡುಗೆಯೆಲ್ಲ ಎಂಜಲಾಗುತ್ತದೆ, ಬ್ರಾಹ್ಮಣರ ಊಟವಾಗುವ ತನಕ ತಡೆದುಕೊಳ್ಳಬೇಕು ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಬಹಳ ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಯೇ ನನಗೆ ಹೆಚ್ಚು ಅಸಹ್ಯ ಹುಟ್ಟಿಸಿತು. ಬ್ರಾಹ್ಮಣರು ಬಂದರು, ನಿಧಾನವಾಗಿ ಉಂಡರು. ವಡೆ ಗರಿಗರಿಯಾಗಿದೆ ಎಂದು ಒಬ್ಬರು ಮತ್ತೆರಡು ಹಾಕಿಸಿಕೊಂಡರು. ಅವ್ವ ಅಂದು ಗಂಜಿಯನ್ನೂ ನುಂಗಲಿಲ್ಲ.

ಬೆಳಗಾವಿಗೆ ಹೋಗುವ ಹೊತ್ತಿಗೆ ಕೀವು ದವಡೆಗೆ ಇಳಿದಿತ್ತು. ಒಂದು ಹಲ್ಲು ಕೀಳಿಸಲು ಹೋದವಳು ನಾಲ್ಕು ಕಳೆದುಕೊಂಡು ಬಂದಳು. ಮೊದಲೇ ಬಂದಿದ್ದರೆ ಉಳಿಸಿಕೊಡುತ್ತಿದ್ದೆ ಎಂದು ಡಾಕ್ಟರು ಬೈದರಂತೆ. ಆಮೇಲೆ ಉಳಿದವೂ ಒಂದೊಂದಾಗಿ ಹೋದವು. ಹಲ್ಲು ಕಟ್ಟಿಸುವ ಮಾತು ಬಂದಾಗ, ಕೃತಕ ಹಲ್ಲಿನ ಬಾಯಿಯವಳು ಮಾಡಿದ ಅಡುಗೆ ನೈವೇದ್ಯಕ್ಕೆ ಆಗುವುದಿಲ್ಲ ಎಂದರು ಅಪ್ಪ. ನಲವತ್ತೂ ತುಂಬದ ಅವ್ವ ರಾಮದುರ್ಗದ ಒಂದು ಮದುವೆಯಲ್ಲಿ ಅಪ್ಪನ ಅಕ್ಕ ಅನ್ನಿಸಿಕೊಂಡಳು. ನಗುವಾಗ ಬಾಯಿಗೆ ಸೆರಗು ಹಿಡಿಯತೊಡಗಿದಳು, ಆಮೇಲೆ ನಗುವುದನ್ನೇ ಬಿಟ್ಟಳು.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಅಪ್ಪನ ಹಲ್ಲು ನೋಯಿತು. ಅಂದು ಏಕಾದಶಿ. ತಲೆಗೆ ಮಫ್ಲರ್ ಸುತ್ತಿಕೊಂಡು ಮೊದಲ ಬಸ್ಸಿಗೇ ಬೆಳಗಾವಿಗೆ ಹೋದರು. ಸಂಜೆ ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡು ಬಂದರು, ಹಲ್ಲು ಉಳಿದಿತ್ತು. ಇವತ್ತು ಏಕಾದಶಿಯಲ್ಲವೇ ಎಂದು ನಾನು ಬೇಕೆಂದೇ ಕೇಳಿದೆ. ರೋಗಿಗೆ ಯಾವ ನಿಯಮವೂ ಇಲ್ಲ, ಶಾಸ್ತ್ರದಲ್ಲೇ ಹೇಳಿದೆ ಎಂದು ಪಾಠ ಹೇಳುವವರಂತೆ ವಿವರಿಸಿದರು.

ಒಳಗೆ ಅವ್ವ ನಾಳೆಯ ಪಾರಣೆಗೆ ಅಕ್ಕಿ ಆರಿಸುತ್ತಿದ್ದಳು. ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಆ ಮಾತು ಆಗೂ ಇತ್ತೇನ್ರಿ, ಶಾಸ್ತ್ರದಾಗ?”

ಅಪ್ಪ ಮಫ್ಲರ್ ಬಿಚ್ಚಿ ಮಡಚಿದರು.

“ಇತ್ತು,” ಎಂದರು. “ನೀ ಕೇಳ್ಲಿಲ್ಲ.”